ಕಾರವಾರ ತೀರದಲ್ಲಿ ಗಾಲ್ಫ್: ನಕ್ಷೆಗಿಂತ ಮೊದಲು ಕ್ಯಾಲೆಂಡರ್ ನೋಡಬೇಕು

ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿ ಪಿಜಿಎ ಟೂರ್ 2026ರ ಆಟವನ್ನು ಹವಾಯಿಯ ಕಪಾಲುವಾದಲ್ಲಿ ಶುರು ಮಾಡಬೇಕಿತ್ತು. ಆಗಲಿಲ್ಲ. ಮಾವಿ ದ್ವೀಪದಲ್ಲಿ ಬರ ಬಿತ್ತು, ನೀರಿನ ಬಳಕೆಗೆ ನಿರ್ಬಂಧ ಬಂತು, ಹಳೆಯ ಕಾಲುವೆಯೊಂದರ ನೀರಿಗಾಗಿ ಜಗಳ ಕೋರ್ಟು ಹತ್ತಿತು. ಕಪಾಲುವಾದ ಪ್ಲಾಂಟೇಶನ್ ಗಾಲ್ಫ್ ಕೋರ್ಸಿನ ಹುಲ್ಲು ಒಣಗಿತು. 2025ರ ಸೆಪ್ಟೆಂಬರಿನಲ್ಲಿ ‘ಈ ಸಲ ಅಲ್ಲಿ ಆಡುವುದಿಲ್ಲ’ ಎಂದರು. ಅಕ್ಟೋಬರಿನಲ್ಲಿ 2026ರ ಸೆಂಟ್ರಿ ಟೂರ್ನಿಯನ್ನೇ ಕೈಬಿಟ್ಟರು. 1999ರಿಂದ ಅಲ್ಲೇ ನಡೆಯುತ್ತಿದ್ದ ಟೂರ್ನಿ ಅದು. ಸುತ್ತ ಪೆಸಿಫಿಕ್ ಸಾಗರ, ದುಡ್ಡಿಗೇನೂ ಬರವಿಲ್ಲ, ಟಿವಿಯಲ್ಲಿ ನೋಡಿದರೆ ಕಣ್ಣಿಗೆ ಹಬ್ಬ. ಸಿಹಿನೀರು ಮಾತ್ರ ಇರಲಿಲ್ಲ.

ನಮ್ಮ ಕಡೆ ಗಾಲ್ಫ್ ನೋಡುವವರು ಕಡಿಮೆ, ಆದರೆ ಇದ್ದಾರೆ. ಕಾರವಾರದಿಂದ ಗಡಿ ದಾಟಿ ಒಂದು ತಾಸಿನೊಳಗೆ ಕಾಣಕೋಣದ ರಾಜಬಾಗ್ ಮುಟ್ಟಬಹುದು. ಅಲ್ಲಿನ ರೆಸಾರ್ಟಿನಲ್ಲಿ ಒಂಬತ್ತು ಹೋಲ್‌ಗಳ ಕೋರ್ಸ್ ಇದೆ (ಚೆಂಡು ಹೊಡೆಯುವ ಜಾಗದಿಂದ ಕುಳಿಯವರೆಗಿನ ಹಾದಿ ಒಂದು ಹೋಲ್). ಅದನ್ನು ನೋಡಿ ಬಂದವರ ಬಾಯಲ್ಲಿ ಒಂದೇ ಪ್ರಶ್ನೆ. ಗೋವಾದಲ್ಲಿ ಆಗೋದಾದರೆ ನಮ್ಮಲ್ಲಿ ಯಾಕಾಗಬಾರದು? ಮಾಜಾಳಿಯಿಂದ ಭಟ್ಕಳದವರೆಗೆ ಇಷ್ಟುದ್ದ ಕರಾವಳಿ ಇದೆ. ಮರಳು ನಮ್ಮದೂ ಮರಳೇ, ಕಡಲು ನಮ್ಮದೂ ಕಡಲೇ. ಒಂದು ಚಂದದ ಹದಿನೆಂಟು ಹೋಲ್ ಕೋರ್ಸ್ ಆದರೆ ಪ್ರವಾಸಿಗರು ಬರ್ತಾರೆ, ನಾಳೆ ದೊಡ್ಡ ಟೂರ್ನಿಯೂ ಬರಬಹುದು, ಅಲ್ವಾ?

ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಚರ್ಚೆ ಯಾವಾಗಲೂ ನಕ್ಷೆಯಿಂದ ಶುರುವಾಗುತ್ತದೆ. ಯಾವ ಗುಡ್ಡದ ಮೇಲೆ ಟೀ (ಮೊದಲ ಹೊಡೆತದ ಜಾಗ) ಇಡಬೇಕು, ಯಾವ ಗ್ರೀನಿನಿಂದ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಸೂರ್ಯಾಸ್ತ ಕಾಣಬೇಕು ಎಂಬಲ್ಲಿಂದ. ಶುರುವಾಗಬೇಕಾದ್ದು ಕ್ಯಾಲೆಂಡರಿನಿಂದ. ಕ್ಯಾಲೆಂಡರ್ ಅಂದರೆ ಎರಡು. ಒಂದು ಮಳೆಯದು, ಇನ್ನೊಂದು ಟೂರ್ನಿಗಳದು. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ತೀರಕ್ಕೆ ಎಂಥ ಕೋರ್ಸ್ ಒಗ್ಗುತ್ತದೆ ಎಂಬ ಉತ್ತರ ಹೆಚ್ಚುಕಡಿಮೆ ತಾನಾಗಿಯೇ ಸಿಗುತ್ತದೆ.

ಟೂರ್ನಿಗಳದ್ದು ಮೊದಲು ನೋಡೋಣ. 2025ರಲ್ಲಿ ಭಾರತಕ್ಕೆ ಬಂದ ಪುರುಷರ ದೊಡ್ಡ ಟೂರ್ನಿಗಳು ಮೂರು. ಜನವರಿ ಕೊನೆಗೆ ಗುರುಗ್ರಾಮದ ಡಿಎಲ್‌ಎಫ್ ಕೋರ್ಸಿನಲ್ಲಿ ಏಷ್ಯನ್ ಟೂರಿನ ಇಂಟರ್‌ನ್ಯಾಷನಲ್ ಸೀರೀಸ್, ಬ್ರೈಸನ್ ಡಿಶಾಂಬೊ ಬಂದಿದ್ದರು. ಮಾರ್ಚಿನಲ್ಲಿ ಅಲ್ಲೇ ಇಂಡಿಯನ್ ಓಪನ್. ಅಕ್ಟೋಬರಿನಲ್ಲಿ ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಡಿಪಿ ವರ್ಲ್ಡ್ ಇಂಡಿಯಾ ಚಾಂಪಿಯನ್‌ಶಿಪ್, 40 ಲಕ್ಷ ಡಾಲರ್ ಬಹುಮಾನ. ರೋರಿ ಮೆಕಿಲ್‌ರಾಯ್ ಮೊದಲ ಸಲ ಭಾರತದಲ್ಲಿ ಆಡಿದ್ದು ಅಲ್ಲೇ. ಗೆದ್ದದ್ದು ಟಾಮಿ ಫ್ಲೀಟ್‌ವುಡ್.

ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿಗೆ ಇಂಥವರು ಯಾರೂ ಬರುವುದಿಲ್ಲ. ಬಿಸಿಲು, ಮಳೆ ಎಂಬುದು ಅರ್ಧ ಕಾರಣ ಮಾತ್ರ. ಏಪ್ರಿಲಿನಲ್ಲಿ ಮಾಸ್ಟರ್ಸ್, ಮೇನಲ್ಲಿ ಪಿಜಿಎ ಚಾಂಪಿಯನ್‌ಶಿಪ್, ಜೂನಿನಲ್ಲಿ ಯುಎಸ್ ಓಪನ್, ಜುಲೈಯಲ್ಲಿ ದಿ ಓಪನ್. ಮೇಜರ್ ಎನ್ನುವ ಈ ನಾಲ್ಕು ಅತಿ ದೊಡ್ಡ ಟೂರ್ನಿಗಳೂ ಆ ನಾಲ್ಕು ತಿಂಗಳಲ್ಲೇ ಮುಗಿದುಹೋಗುತ್ತವೆ. ಮೊದಲು ಪಿಜಿಎ ಚಾಂಪಿಯನ್‌ಶಿಪ್ ಆಗಸ್ಟಿನಲ್ಲಿ ಇರುತ್ತಿತ್ತು. 2019ರಲ್ಲಿ ಅದನ್ನು ಮೇಗೆ ತಂದರು, ಅಮೆರಿಕದ ಟೂರ್ ಫೈನಲ್ಲನ್ನು ಆಗಸ್ಟಿಗೇ ಮುಗಿಸಿದರು. ಅಮೆರಿಕದಲ್ಲಿ ಫುಟ್‌ಬಾಲ್ ಶುರುವಾದ ಮೇಲೆ ಟಿವಿಯಲ್ಲಿ ಗಾಲ್ಫನ್ನು ಕೇಳುವವರಿಲ್ಲ, ಅದಕ್ಕೆ. ಆ ಬದಲಾವಣೆಯಿಂದಲೇ ಸೆಪ್ಟೆಂಬರಿನ ನಂತರ ದೊಡ್ಡ ಆಟಗಾರರಿಗೆ ಒಂದಿಷ್ಟು ಬಿಡುವು ಸಿಕ್ಕಿತು. ಆ ಬಿಡುವಿನಲ್ಲೇ ದೆಹಲಿ ತನ್ನ ಟೂರ್ನಿಗೆ ಜಾಗ ಮಾಡಿಕೊಂಡಿತು.

ಈಗ ಅದೇ ಅಕ್ಟೋಬರನ್ನು ಕಾರವಾರಕ್ಕೆ ತಂದು ನೋಡಿ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು. ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿಯುತ್ತದೆ. ಅಕ್ಟೋಬರಿನಲ್ಲಿ ಸಂಜೆ ಗುಡುಗು ಮಳೆ ಇದ್ದದ್ದೇ. ನೆಲ ಇನ್ನೂ ಹಸಿ. ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ. ನಮ್ಮಲ್ಲಿ ನೆಲ ಹದಕ್ಕೆ ಬರುವುದು ನವೆಂಬರಿನ ನಡುವಿಗೆ. ಅಲ್ಲಿಂದ ಫೆಬ್ರವರಿಯವರೆಗೆ ನಿಜಕ್ಕೂ ಸೊಗಸಾದ ಹವೆ. ಆದರೆ ಆ ಹೊತ್ತಿಗೆ ಬಹುತೇಕ ವಿದೇಶಿ ಟೂರ್‌ಗಳು ಅಬುಧಾಬಿ, ದುಬೈ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ ಕಡೆ ಹೋಗಿರುತ್ತವೆ. ಬಾಕಿ ಉಳಿಯುವುದು ಹೆಚ್ಚಾಗಿ ನಮ್ಮದೇ ದೇಶದ ವೃತ್ತಿಪರ ಸರಣಿ ಪಿಜಿಟಿಐ ಟೂರ್. ಅದಕ್ಕಾದರೂ ನೂರಕ್ಕೂ ಹೆಚ್ಚು ಆಟಗಾರರು, ಅಷ್ಟೇ ಕ್ಯಾಡಿಗಳು (ಆಟಗಾರರ ಬ್ಯಾಗ್ ಹೊರುವವರು), ಒಂದು ವಾರದ ಹೋಟೆಲ್ ರೂಮುಗಳು ಬೇಕು. ಡಿಸೆಂಬರ್ ಕೊನೆಯ ವಾರ ಗೋಕರ್ಣದಲ್ಲಿ ರೂಮು ಹುಡುಕಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಟೂರ್ನಿಯ ಮಾತನ್ನು ಇಲ್ಲಿಗೇ ಬಿಡೋಣ. ಒಂದು ವಾರದ ಟಿವಿ ಚಿತ್ರಕ್ಕಾಗಿ ಐವತ್ತೊಂದು ವಾರ ಕೋರ್ಸ್ ಸಾಕುವ ಲೆಕ್ಕ ನಮಗೆ ಹೊಂದುವುದಿಲ್ಲ.

ನೀರಿನ ಲೆಕ್ಕ ಮಾತ್ರ ಸ್ವಲ್ಪ ನಿಧಾನವಾಗಿ ಮಾಡಬೇಕು. ಹದಿನೆಂಟು ಹೋಲ್‌ಗಳ ಕೋರ್ಸಿಗೆ ನೂರಿಪ್ಪತ್ತು, ನೂರೈವತ್ತು ಎಕರೆ ಜಾಗ ಹೋಗುತ್ತದೆ. ಅದರಲ್ಲಿ 75 ಎಕರೆ, ಅಂದರೆ 30 ಹೆಕ್ಟೇರ್ ಹುಲ್ಲಿಗೆ ನೀರು ಹಾಯಿಸುತ್ತಾರೆ ಅಂದುಕೊಳ್ಳಿ. ಒಂದು ಹೆಕ್ಟೇರಿನ ಮೇಲೆ ಒಂದು ಮಿ.ಮೀ. ನೀರು ನಿಲ್ಲಬೇಕೆಂದರೆ 10,000 ಲೀಟರ್ ಬೇಕು. ಏಪ್ರಿಲ್ ಬಿಸಿಲಿಗೆ ಹಸಿರು ಹುಲ್ಲು ದಿನಕ್ಕೆ ಸುಮಾರು 4 ಮಿ.ಮೀ. ನೀರು ಕುಡಿಯುತ್ತದೆ. ಒಟ್ಟು ದಿನಕ್ಕೆ 12 ಲಕ್ಷ ಲೀಟರ್. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ಸುಮಾರು 22,000 ಜನರ ನೀರು. ಅದೂ ಕರಾವಳಿಯ ಬಾವಿಗಳು ಉಪ್ಪಾಗುವ, ಟ್ಯಾಂಕರ್ ಬರುವ ದಿನಗಳಲ್ಲಿ. ಮೂರು ಸಾವಿರ ಮಿ.ಮೀ. ಮಳೆ ಬೀಳುವ ಊರಿನಲ್ಲಿ ನೀರಿಲ್ಲ ಅಂದರೆ ಬೆಂಗಳೂರಿನವರು ನಂಬುವುದಿಲ್ಲ. ಇಳಿಜಾರಿನ ನೆಲ, ಕೆಳಗೆ ಮರಳು ಮತ್ತು ಚಿರೆಕಲ್ಲು. ಬಿದ್ದ ಮಳೆ ನಿಲ್ಲದೆ ಕಡಲಿಗೆ ಓಡಿಬಿಡುತ್ತದೆ.

ಇದಕ್ಕೆ ಗಾಲ್ಫ್ ಗೆಳೆಯರ ಉತ್ತರ ಸಿದ್ಧವಾಗಿರುತ್ತದೆ: ಪ್ಯಾಸ್ಪಾಲಮ್ ಹಾಕಿ. ಉಪ್ಪು ತಾಳುವ ಹುಲ್ಲು ಅದು, ಬಿಸಿ ದೇಶಗಳ ಎಷ್ಟೋ ಕಡಲತೀರದ ಕೋರ್ಸ್‌ಗಳಲ್ಲಿ ಇದೆ. ಅಮೆರಿಕದ ಕಿಯಾವಾ ದ್ವೀಪದ ಓಶನ್ ಕೋರ್ಸಿನಲ್ಲೂ ಅದೇ. ಮಾತು ಸರಿ, ಆದರೆ ಪೂರ್ತಿ ಸರಿಯಲ್ಲ. ಉಪ್ಪು ತಾಳುತ್ತದೆ ಎಂದರೆ ಬರೀ ಉಪ್ಪುನೀರಲ್ಲೇ ಬದುಕುತ್ತದೆ ಎಂದಲ್ಲ. ಬೇರಿನಲ್ಲಿ ಕೂತ ಉಪ್ಪನ್ನು ಆಗಾಗ ಸಿಹಿನೀರಿನಿಂದ ತೊಳೆಯಬೇಕು. ತೊಳೆದ ಉಪ್ಪು ಪಕ್ಕದ ಬಾವಿಗೆ ಹೋದರೆ ಯಾರನ್ನು ಕೇಳುವುದು? ನನಗಾದರೆ ನಮ್ಮ ಗರಿಕೆಯ ಮೇಲೇ ಭರವಸೆ ಜಾಸ್ತಿ. ಗಣಪತಿಗೆ ಏರಿಸುವ ಅದೇ ಗರಿಕೆ. ಬಿಸಿ ನಾಡುಗಳ ಕೋರ್ಸ್‌ಗಳಲ್ಲಿ ಬರ್ಮುಡಾ ಎಂದು ಕರೆಸಿಕೊಳ್ಳುವ ಹುಲ್ಲು ಅದರದೇ ಜಾತಿ. ಗ್ರೀನುಗಳಿಗೆ ಹಾಕುವ ಸಣ್ಣೆಸಳಿನ ತಳಿಗಳಲ್ಲೂ ಅದರ ಬೆರಕೆ ಇದೆ. ಬೇಸಿಗೆಯಲ್ಲಿ ಒಣಗಿ ಕಂದಾಗುತ್ತದೆ, ಸಾಯುವುದಿಲ್ಲ. ಮೊದಲ ಮಳೆಗೆ ಚಿಗುರಿಬಿಡುತ್ತದೆ.

ಕಂದು ಬಣ್ಣ ಗಾಲ್ಫಿಗೆ ಅವಮಾನವೇನಲ್ಲ. 2006ರ ದಿ ಓಪನ್ ನೆನಪಿರುವವರಿಗೆ ಇದು ಗೊತ್ತು. ಹಾಯ್ಲೇಕ್‌ನ ರಾಯಲ್ ಲಿವರ್‌ಪೂಲ್ ಕೋರ್ಸ್ ಬಿಸಿಲಿಗೆ ಒಣಗಿ ಹಪ್ಪಳದಂತಾಗಿತ್ತು. ಚೆಂಡು ಬಿದ್ದ ಮೇಲೆ ಉರುಳುತ್ತಲೇ ಇತ್ತು. ಟೈಗರ್ ವುಡ್ಸ್ ನಾಲ್ಕು ದಿನದಲ್ಲಿ ಒಂದೇ ಒಂದು ಸಲ ಡ್ರೈವರ್ (ಅತಿ ದೂರ ಹೊಡೆಯುವ ಕೋಲು) ಬಳಸಿ ಗೆದ್ದರು. ಅಮೆರಿಕದ ಪೈನ್‌ಹರ್ಸ್ಟ್ ನಂಬರ್ 2 ಕೋರ್ಸಿನದು ಇನ್ನೂ ಒಳ್ಳೆಯ ಉದಾಹರಣೆ. ಬಿಲ್ ಕೋರ್ ಮತ್ತು ಬೆನ್ ಕ್ರೆನ್‌ಶಾ 2010–11ರಲ್ಲಿ ಅದನ್ನು ಸರಿಮಾಡಿದಾಗ ಮೂವತ್ತೈದು ಎಕರೆಯಷ್ಟು ಹಸಿರು ಹುಲ್ಲನ್ನೇ ಕಿತ್ತು ಹಾಕಿದರು. ನೂರಾರು ಸ್ಪ್ರಿಂಕ್ಲರ್ ತೆಗೆದರು. ಮರಳು ಮತ್ತು ಕಾಡುಹುಲ್ಲು ಹಾಗೇ ಬಿಟ್ಟರು. 2014ರಲ್ಲಿ ಪುರುಷರ ಮತ್ತು ಮಹಿಳೆಯರ ಯುಎಸ್ ಓಪನ್ ಎರಡೂ ಒಂದರ ಹಿಂದೆ ಒಂದು ವಾರ ಅಲ್ಲೇ ನಡೆದವು. ತಮಾಷೆ ಅಂದರೆ, ಕಪಾಲುವಾ ಕೋರ್ಸಿನ ವಿನ್ಯಾಸವೂ ಇದೇ ಇಬ್ಬರದು. ಕೈ ಅದೇ ಇದ್ದರೂ ನೀರು ಕೈಕೊಟ್ಟರೆ ಏನೂ ಮಾಡಲಾಗುವುದಿಲ್ಲ.

ನಮ್ಮ ತೀರದಲ್ಲಿ ವಿನ್ಯಾಸಕ್ಕೆ ಪುಕ್ಕಟೆ ಸಿಗುವ ಸಾಮಗ್ರಿ ಎಂದರೆ ಗಾಳಿ. ಚಳಿಗಾಲದಲ್ಲಿ ಬೆಳಗ್ಗೆ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ತಿರುಗಿ ಕಡಲಿನಿಂದ ನೆಲಕ್ಕೆ ಬರುತ್ತದೆ. ದೋಣಿಯವರಿಗೆ ಇದು ಹುಟ್ಟಿದಾಗಿನಿಂದ ಗೊತ್ತು. ಈಗ ತೀರಕ್ಕೆ ಸಮವಾಗಿ ಉತ್ತರಕ್ಕೆ ಹೋಗುವ ಒಂದು ಹೋಲ್ ಕಲ್ಪಿಸಿಕೊಳ್ಳಿ. ಕಡಲು ಎಡಕ್ಕೆ. ಬೆಳಗ್ಗೆ ಏಳಕ್ಕೆ ಹೊಡೆದ ಚೆಂಡನ್ನು ಗಾಳಿ ಎಡಕ್ಕೆ, ಕಡಲ ಬದಿಗೆ ಎಳೆಯುತ್ತದೆ. ಮಧ್ಯಾಹ್ನ ಮೂರಕ್ಕೆ ಹೊಡೆದದ್ದನ್ನು ಬಲಕ್ಕೆ, ಗಾಳಿಮರದ ತೋಪಿನ ಕಡೆ ತಳ್ಳುತ್ತದೆ. ಅದೇ ಹೋಲ್, ಅದೇ ದಿನ, ಎರಡು ಬೇರೆ ಆಟ. ಇದಕ್ಕೆ ಕೆರೆ ತೋಡಬೇಕಿಲ್ಲ, ಜೆಸಿಬಿ ತಂದು ಗುಡ್ಡ ಮಾಡಬೇಕಿಲ್ಲ. ಫೇರ್‌ವೇ, ಅಂದರೆ ಟೀಗೂ ಗ್ರೀನಿಗೂ ನಡುವಿನ ಹುಲ್ಲಿನ ಹಾದಿ, ಅಗಲವಾಗಿದ್ದರೆ ಸಾಕು. ಗಾಳಿ ಇರುವಲ್ಲಿ ಇಕ್ಕಟ್ಟಿನ ಫೇರ್‌ವೇ ಮಾಡುವುದು ಆಟಗಾರರಿಗೆ ಸುಮ್ನೆ ಶಿಕ್ಷೆ. ದೆಹಲಿ ಗಾಲ್ಫ್ ಕ್ಲಬ್ ಇಕ್ಕಟ್ಟಾದದ್ದೇ, ಎರಡೂ ಬದಿ ಪೊದೆ, ಮೆಕಿಲ್‌ರಾಯ್ ಅಂಥವರೂ ಅಲ್ಲಿ ಡ್ರೈವರ್ ಪಕ್ಕಕ್ಕಿಟ್ಟರು. ಆದರೆ ಅದು ಊರೊಳಗಿನ ಕೋರ್ಸ್, ನಮ್ಮಂಥ ಗಾಳಿ ಅಲ್ಲಿಲ್ಲ.

ಹಾಗಾದರೆ ಮರಳ ದಿಬ್ಬಗಳ ಮೇಲೇ ಮಾಡೋಣ ಎನ್ನುವವರು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಓದಬೇಕು. ಮರಳ ದಿಬ್ಬ, ಕಾಂಡ್ಲಾ ಕಾಡು, ಆಮೆ ಮೊಟ್ಟೆಯಿಡುವ ಜಾಗ ಇವೆಲ್ಲ ಅತಿ ಸೂಕ್ಷ್ಮ ವಲಯ. 2011ರ ಅಧಿಸೂಚನೆಯಲ್ಲಿ ಬೀಚ್ ರೆಸಾರ್ಟ್‌ಗಳಿಗೆ ಹಾಕಿದ ಷರತ್ತುಗಳು ಗಾಲ್ಫಿಗೆಂದೇ ಬರೆದ ಹಾಗಿವೆ. ಮರಳ ದಿಬ್ಬ ಸಮತಟ್ಟು ಮಾಡುವಂತಿಲ್ಲ. ಆಟಕ್ಕೆಂದು ಗೋಲ್ ಕಂಬ, ನೆಟ್ ಕಂಬ, ದೀಪದ ಕಂಬ ಬಿಟ್ಟು ಬೇರೆ ಶಾಶ್ವತ ಕಟ್ಟಡ ಇಲ್ಲ. ಭರತರೇಖೆಯಿಂದ 200 ಮೀಟರ್ ಒಳಗೆ ಅಂತರ್ಜಲ ಎತ್ತುವಂತಿಲ್ಲ. ಇನ್ನೊಂದು ತೊಡಕು ಕ್ಯಾಲೆಂಡರಿನದೇ. ಹೊನ್ನಾವರ, ಅಂಕೋಲಾ, ಕಾರವಾರದ ತೀರಗಳಿಗೆ ಕಡಲಾಮೆ ಮೊಟ್ಟೆಯಿಡಲು ಬರುವುದೂ ಚಳಿಗಾಲದ ಅದೇ ತಿಂಗಳುಗಳಲ್ಲಿ. ದೀಪ ಕಂಡರೆ ಮರಿಗಳು ಕಡಲು ಬಿಟ್ಟು ಬೆಳಕಿನ ಕಡೆ ತೆವಳುತ್ತವೆ. ಸಂಜೆ ಲೈಟು ಹಾಕಿ ಆಡುವ ಕನಸನ್ನು ಅಲ್ಲಿಗೇ ಬಿಡಬೇಕು.

ಕಾನೂನು ಸಡಿಲಿಸಿ ಎಂದು ಕೇಳುವವರು ಸ್ಕಾಟ್ಲೆಂಡಿನ ಮೆನಿ ಕಥೆ ನೋಡಲಿ. ಅಲ್ಲಿ ಟ್ರಂಪ್ ಕಂಪನಿಯ ಕೋರ್ಸ್ 2012ರಲ್ಲಿ ಶುರುವಾಯಿತು. ತಾನಾಗಿ ಸರಿದಾಡುತ್ತಿದ್ದ ಮರಳ ದಿಬ್ಬಗಳನ್ನು ಹುಲ್ಲು ನೆಟ್ಟು ನಿಲ್ಲಿಸಿದರು. 2020ರಲ್ಲಿ ಅಲ್ಲಿನ ಸರ್ಕಾರಿ ಪರಿಸರ ಸಂಸ್ಥೆ ಆ ಭಾಗಕ್ಕಿದ್ದ ಸಂರಕ್ಷಿತ ಮಾನ್ಯತೆಯನ್ನೇ ತೆಗೆದುಹಾಕಿತು. ಆ ಮಾನ್ಯತೆಗೆ ತಕ್ಕಷ್ಟು ಸಹಜ ದಿಬ್ಬ ಅಲ್ಲಿ ಉಳಿದಿಲ್ಲ ಎಂಬ ಕಾರಣಕ್ಕೆ!

ಗುಡ್ಡ ಕಡಿದು ಮಾಡುವುದೂ ಬೇಡ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜರಿದದ್ದನ್ನು ಕಂಡ ಜಿಲ್ಲೆ ಇದು. ಶಿರಸಿ ಕಡೆ ಹೋದರೆ ಜಾಗದ ಪ್ರಶ್ನೆ ಬೇರೆ. ಅಲ್ಲಿ ತೆರೆದ ಹುಲ್ಲುನೆಲ ಅಂದರೆ ಬೇಣ, ಪಕ್ಕದಲ್ಲಿ ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ. ಎರಡಕ್ಕೂ ತಲೆಮಾರುಗಳ ಹಕ್ಕುದಾರರಿದ್ದಾರೆ. ದನಗಳನ್ನು ಓಡಿಸಿ ಅಲ್ಲಿ ಬೇಲಿ ಹಾಕುತ್ತೇನೆ ಎಂದು ಹೋದವರಿಗೆ ಊರಿನವರು ಏನು ಹೇಳುತ್ತಾರೆ ಎಂದು ಊಹಿಸಬಹುದು. ಅಲ್ಲದೆ ಸೀಬರ್ಡ್ ನೌಕಾನೆಲೆ, ಕೈಗಾ ಅಣುಸ್ಥಾವರ, ಕಾಳಿಯ ಅಣೆಕಟ್ಟುಗಳು, ರೈಲು, ಚತುಷ್ಪಥ ಅಂತ ಒಂದಾದ ಮೇಲೊಂದಕ್ಕೆ ಜಮೀನು ಕೊಟ್ಟವರು ನಾವು. ಅವೆಲ್ಲ ದೇಶದ ಕೆಲಸ ಎಂದು ಒಪ್ಪಿದ್ದಾಯಿತು. ನೂರೈವತ್ತು ಎಕರೆ ಚೆಂಡಾಟಕ್ಕೆ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಬೇಲಿಯಿಲ್ಲದ ಗಾಲ್ಫ್ ಇಲ್ಲವೇ? ಇದೆ. ಆಟದ ತವರುಮನೆ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್ ಊರಿನ ಸಾರ್ವಜನಿಕ ಜಾಗ. ಭಾನುವಾರ ಆಟಕ್ಕೆ ರಜೆ. ಅವತ್ತು ಊರಿನವರು ನಾಯಿ ಕರೆದುಕೊಂಡು ಫೇರ್‌ವೇ ಮೇಲೆ ಓಡಾಡುತ್ತಾರೆ. ಇಂಗ್ಲೆಂಡಿನ ರಾಯಲ್ ನಾರ್ತ್ ಡೆವನ್ ಕೋರ್ಸಿನಲ್ಲಿ ಕುರಿ, ಕುದುರೆ ಮೇಯುತ್ತವೆ. ಗೋಮಾಳದ ಹಕ್ಕಿನಂಥದ್ದೇ ಹಕ್ಕು ಅಲ್ಲಿನವರಿಗಿದೆ. 1864ರ ಕ್ಲಬ್ ಅದು.

ಪ್ರವಾಸದ ವಿಷಯಕ್ಕೆ ಬಂದರೆ ಎಲ್ಲರೂ ಬ್ಯಾಂಡನ್ ಡ್ಯೂನ್ಸ್ ಹೆಸರು ಹೇಳುತ್ತಾರೆ. ಅಮೆರಿಕದ ಓರೆಗನ್ ತೀರದ ಒಂದು ಮೂಲೆ. ಮರ ಮತ್ತು ಮೀನಿನ ವ್ಯಾಪಾರ ಸೊರಗಿದ್ದ ಊರು. 1999ರಲ್ಲಿ ಮೊದಲ ಕೋರ್ಸ್ ಶುರುವಾಯಿತು, ವಿನ್ಯಾಸ ಡೇವಿಡ್ ಮೆಕ್‌ಲೇ ಕಿಡ್ ಅವರದು. ಗಾಡಿ ಇಲ್ಲ, ನಡೆದೇ ಆಡಬೇಕು. ಅದರಿಂದ ನೂರಾರು ಕ್ಯಾಡಿಗಳಿಗೆ ಕೆಲಸ. ‘ಕೋರ್ಸ್ ಚೆನ್ನಾಗಿದ್ದರೆ ಎಷ್ಟು ದೂರವಾದರೂ ಬರ್ತಾರೆ’ ಎಂಬ ಮಾತಿಗೆ ಇದೇ ಸಾಕ್ಷಿ. ಆದರೆ ಅಲ್ಲಿಗೆ ಜನ ಬರುವುದು ಒಂದು ಕೋರ್ಸಿಗಲ್ಲ. 2001, 2005, 2010, 2020ರಲ್ಲಿ ಒಂದೊಂದಾಗಿ ಇನ್ನೂ ನಾಲ್ಕು ದೊಡ್ಡ ಕೋರ್ಸ್ ಆದವು. ನಾಲ್ಕು ದಿನ ಉಳಿದು ದಿನಕ್ಕೊಂದು ಆಡಬಹುದು. ಮಳೆ ಬಂದರೂ ಆಡಬಹುದಾದ ಮಳೆ ಅದು, ನಮ್ಮ ಆಷಾಢದ್ದಲ್ಲ.

ನಮ್ಮಲ್ಲಿ ಒಂದೇ ಕೋರ್ಸಿಗಾಗಿ ಬೆಂಗಳೂರಿನವರು ಪಂಚಗಂಗಾ ರೈಲಿನ ಬರ್ತಿನಲ್ಲಿ ಗಾಲ್ಫ್ ಬ್ಯಾಗಿಗೆ ಜಾಗ ಹುಡುಕುತ್ತಾ ಬರುತ್ತಾರೆಯೇ? ಬರುವುದಿಲ್ಲ. ಅಷ್ಟು ಹೊತ್ತಿನಲ್ಲಿ ಅವರು ವಿಮಾನ ಹತ್ತಿ ಕೊಲಂಬೊ, ಬ್ಯಾಂಕಾಕ್ ಮುಟ್ಟಿರುತ್ತಾರೆ. ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆದ ಮೇಲೂ ಈ ಲೆಕ್ಕ ತುಂಬಾ ಬದಲಾಗುವುದಿಲ್ಲ. ಆದರೆ ಮುರ್ಡೇಶ್ವರಕ್ಕೋ ಗೋಕರ್ಣಕ್ಕೋ ಹೇಗೂ ಬಂದವರು, ಬೆಳಗ್ಗೆ ಎರಡು ತಾಸು ಬಿಡುವಿದ್ದರೆ ಒಂಬತ್ತು ಹೋಲ್ ಆಡಿ ಮಧ್ಯಾಹ್ನ ಮೀನೂಟಕ್ಕೆ ಹೋಗಬಹುದು. ಗಾಲ್ಫಿಗಾಗಿ ಪ್ರವಾಸ ಎಂಬುದಕ್ಕಿಂತ ಪ್ರವಾಸದ ನಡುವೆ ಒಂದಿಷ್ಟು ಗಾಲ್ಫ್. ಕಾಣಕೋಣದ ಕೋರ್ಸ್ ನಡೆಯುವುದೂ ಹೀಗೇ, ರೆಸಾರ್ಟಿಗೆ ಬಂದವರಿಂದ.

ಜಾಗ ಎಲ್ಲಿ ಎಂಬುದಕ್ಕೆ ನನ್ನ ಉತ್ತರ ಚಿರೆಕಲ್ಲು ಕ್ವಾರಿಗಳು. ಕಲ್ಲು ತೆಗೆದು ಬಿಟ್ಟುಹೋದ, ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಕೆಂಪು ಹೊಂಡಗಳು. ಅಂಥ ನೆಲ ಈಗಾಗಲೇ ಕೆಟ್ಟಿದೆ, ಹೊಸದಾಗಿ ಕೆಡಿಸುವುದೇನಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಚೇಂಬರ್ಸ್ ಬೇ ಕೋರ್ಸ್ ಒಂದು ಹಳೆಯ ಮರಳು, ಜಲ್ಲಿ ಕ್ವಾರಿಯಲ್ಲೇ ಆದದ್ದು. ಅದರ ಒಡೆತನ ಕೌಂಟಿ ಆಡಳಿತದ್ದು. ಗಾಲ್ಫ್ ಆಡದವರಿಗೂ ನಡೆಯಲು ದಾರಿ ಇದೆ. 2007ರಲ್ಲಿ ಶುರುವಾಗಿ 2015ರಲ್ಲಿ ಯುಎಸ್ ಓಪನ್ ನಡೆಸಿತು, ಜೋರ್ಡನ್ ಸ್ಪೀತ್ ಗೆದ್ದರು. ಗ್ರೀನುಗಳ ಬಗ್ಗೆ ಮಾತ್ರ ಆಟಗಾರರು ಸಿಕ್ಕಾಪಟ್ಟೆ ಬೈದರು. ಕೊನೆಗೆ ಆ ಹುಲ್ಲನ್ನೇ ಬದಲಾಯಿಸಬೇಕಾಯಿತು. ಜಾಗಕ್ಕೆ ಒಗ್ಗುವ ಹುಲ್ಲನ್ನು ಮೊದಲೇ ಆರಿಸಿ ಎನ್ನುವುದು ಇದಕ್ಕೇ.

ಒಂಬತ್ತು ಹೋಲ್‌ಗಳ ಕ್ವಾರಿ ಕೋರ್ಸಿನಲ್ಲಿ ಗ್ರೀನು ಮತ್ತು ಟೀಗಳಿಗೆ ಮಾತ್ರ ನೀರು ಹಾಯಿಸಿದರೆ ಒಟ್ಟು ಒಂದು ಹೆಕ್ಟೇರ್ ಆಗುತ್ತದೆ. ಫೇರ್‌ವೇ ಗರಿಕೆಯದು, ಮಾರ್ಚ್‌ನಿಂದ ಕಂದಾಗಲು ಬಿಡುವುದು. ಆಗ ದಿನಕ್ಕೆ 40,000 ಲೀಟರ್ ಸಾಕು. ಮಾರ್ಚ್, ಏಪ್ರಿಲ್, ಮೇ ಸೇರಿ 36 ಲಕ್ಷ ಲೀಟರ್ ಚಿಲ್ಲರೆ. ನಲವತ್ತು ಮೀಟರ್ ಉದ್ದ, ಮೂವತ್ತು ಮೀಟರ್ ಅಗಲ, ಮೂರು ಮೀಟರ್ ಆಳದ ಹೊಂಡದಲ್ಲಿ ಹೆಚ್ಚುಕಡಿಮೆ ಅಷ್ಟು ನೀರು ಹಿಡಿಯುತ್ತದೆ. ಬಿಸಿಲಿಗೆ ಆವಿಯಾಗುವುದು, ಕಲ್ಲಿನಲ್ಲಿ ಸೋರುವುದು ಎಲ್ಲ ಸೇರಿಸಿ ಎರಡು ಪಟ್ಟು ದೊಡ್ಡದು ಮಾಡಿ, ತಳಕ್ಕೆ ಜೇಡಿ ಹಾಕಿ. ಕ್ವಾರಿಯಲ್ಲಿ ಹೊಂಡ ತೋಡುವ ಖರ್ಚಂತೂ ಇಲ್ಲ. ಒಂದು ಹೆಕ್ಟೇರ್ ಕಲ್ಲುನೆಲದ ಮೇಲೆ ನಮ್ಮ ಮಳೆಗಾಲದಲ್ಲಿ ಸುಮಾರು ಮೂರು ಕೋಟಿ ಲೀಟರ್ ಬೀಳುತ್ತದೆ. ಅದರ ಕಾಲುಭಾಗ ಹಿಡಿದರೂ ಊರಿನ ಬಾವಿಗೆ ಕೈಹಾಕಬೇಕಿಲ್ಲ. ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ ಬಾಗಿಲು ಹಾಕುವುದು. ಆ ಐದು ತಿಂಗಳು ದನ ಮೇಯಲಿ.

ಅಷ್ಟಕ್ಕೂ ಕೈ ಹಾಕಲು ಧೈರ್ಯ ಸಾಲದಿದ್ದರೆ ಇನ್ನೂ ಚಿಕ್ಕದಾಗಿ ಶುರು ಮಾಡಬಹುದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ವಲ್ಪದರಲ್ಲಿ ಪದಕ ತಪ್ಪಿ ನಾಲ್ಕನೆಯವರಾದ ಬೆಂಗಳೂರಿನ ಅದಿತಿ ಅಶೋಕ್ ಐದನೇ ವಯಸ್ಸಿಗೆ ಕ್ಲಬ್ ಹಿಡಿದದ್ದು ಕರ್ನಾಟಕ ಗಾಲ್ಫ್ ಅಸೋಸಿಯೇಶನ್ ಅಂಗಳದಲ್ಲಿ. ಹತ್ತಿರದ ಹೋಟೆಲಿಗೆ ತಿಂಡಿಗೆ ಹೋದಾಗ ಆ ಕೋರ್ಸ್ ಕಣ್ಣಿಗೆ ಬಿದ್ದು, ಅಪ್ಪ ಅಮ್ಮನ ಜೊತೆ ಒಳಗೆ ಹೋಗಿದ್ದರು. ಮಗು ಮೊದಲು ಹೊಡೆಯುವುದು ಡ್ರೈವಿಂಗ್ ರೇಂಜಿನಲ್ಲಿ, ಪಟ್ಟಿಂಗ್ ಗ್ರೀನಿನಲ್ಲಿ. ಅದಕ್ಕೆ ಮುನ್ನೂರು ಗಜ ಉದ್ದದ ನೆಲ, ಒಂದು ಬಲೆ, ಒಂದಷ್ಟು ಹಳೆಯ ಐರನ್ ಕ್ಲಬ್‌ಗಳು ಸಾಕು. ಹತ್ತು ಎಕರೆಯ ಒಂದು ಕ್ವಾರಿ ಗುತ್ತಿಗೆಗೆ ಸಿಕ್ಕಿದರೆ ರೇಂಜೂ ಆಗುತ್ತದೆ, ಮೂರು ಚಿಕ್ಕ ಹೋಲ್‌ಗಳೂ ಆಗುತ್ತವೆ. ಶನಿವಾರ ಬೆಳಗ್ಗೆ ಶಾಲೆ ಮಕ್ಕಳಿಗೆ ಪುಕ್ಕಟೆ, ಉಳಿದ ದಿನ ಪ್ರವಾಸಿಗರಿಗೆ ಬಕೆಟ್ ಚೆಂಡಿಗೆ ಇಷ್ಟು ಎಂದು ದರ. ಎರಡು ಬೇಸಿಗೆ ಕಳೆದ ಮೇಲೆ ಹೊಂಡದಲ್ಲಿ ನೀರು ಎಷ್ಟು ಉಳಿಯಿತು, ಶನಿವಾರಕ್ಕೆ ಎಷ್ಟು ಮಕ್ಕಳು ಬಂದರು ಎಂದು ನೋಡಿಕೊಂಡು ಉಳಿದ ಆರು ಹೋಲ್‌ಗಳ ನಕ್ಷೆ ಹಾಕಲಿ.